ಹಗೇವಿಗೆ ಇಳಿಯದ ಕೊತ್ತಿ

ಕಿರಂಗೂರಿನ ಕೆಂಪಣ್ಣನಿಗೆ ಪ್ರಾಣಿಗಳ ಬುದ್ಧಿಯ ಬಗ್ಗೆ ಗಟ್ಟಿಯಾದ ಅಭಿಪ್ರಾಯವಿತ್ತು. ಮೊದಲು ನಾಯಿ, ಆಮೇಲೆ ಎತ್ತು, ಆಮೇಲೆ ಕುರಿಯೋ ಕೋಳಿಯೋ ಯಾವುದಾದರೂ ಬರಲಿ, ಕಟ್ಟಕಡೆಗೆ ಬೆಕ್ಕು. "ಕರುದ್ರೆ ತಿರುಗ್ ನೋಡಲ್ಲ. ಅದುಕ್ಕೇನ್ ಬುದ್ಧಿ ಅದೆ?" ಎನ್ನುತ್ತಿದ್ದ.

ಅವನ ತಾಯಿ ಚಿಕ್ಕಬೋರಮ್ಮ ಎತ್ತಿನ ಕಡೆ. ಗಂಡ ಬದುಕಿದ್ದಾಗ ಪಟ್ಟಣದ ಸಂತೆ ಮುಗಿಸಿ ಗಾಡಿಯಲ್ಲೇ ನಿದ್ದೆಹೋದರೆ ಎತ್ತುಗಳೇ ದಾರಿ ಹಿಡಿದು ಮನೆಯ ಮುಂದೆ ತಂದು ನಿಲ್ಲಿಸುತ್ತಿದ್ದುದನ್ನು ಆಕೆ ನೂರು ಸಲ ಹೇಳಿದ್ದಳು. ಬೆಕ್ಕಿನ ಪರವಾಗಿ ಆ ಮನೆಯಲ್ಲಿ ಮಾತಾಡುತ್ತಿದ್ದವಳು ಕೆಂಪಣ್ಣನ ಹೆಂಡತಿ ಕುಳ್ಳಮ್ಮ ಒಬ್ಬಳೇ. ಅದೂ ಪ್ರೀತಿಯಿಂದಲ್ಲ. ಹಾಲು ಕಾಯುವ ಕೆಲಸ ಅವಳದಾಗಿತ್ತು. ನೆಲುವಿನ ಮೇಲೆ ಇಟ್ಟ ಹಾಲಿನ ಗಡಿಗೆಗೆ ಮುಚ್ಚಳ ಹಾಕಿದರೆ, ಆ ಬೂದುಬಣ್ಣದ ಬೆಕ್ಕು ಮುಚ್ಚಳವನ್ನು ಸದ್ದಾಗದಂತೆ ಪಕ್ಕಕ್ಕೆ ಸರಿಸುವುದನ್ನು ಕಲಿತಿತ್ತು. ಮುಚ್ಚಳದ ಮೇಲೆ ಕಲ್ಲು ಹೇರಿದರೆ ನೆಲುವನ್ನೇ ತೂಗಿ ತೂಗಿ ಹಾಲು ತುಳುಕಿಸುತ್ತಿತ್ತು. ಅತ್ತೆ ಎದುರಿಗಿದ್ದರೂ ಅದಕ್ಕೆ ಲೆಕ್ಕವಿಲ್ಲ, ಆಕೆಯ ಕಣ್ಣು ಮಂಜೆಂದು ಅದಕ್ಕೆ ತಿಳಿದಿತ್ತು. ಕುಳ್ಳಮ್ಮ ತಲೆ ತಿರುಗಿಸಿದರೆ ಸಾಕು, ಮಲಗಿದಂತೆ ನಟಿಸುತ್ತಿತ್ತು.

"ನಿಮ್ ಕಾಳ ಮುಚ್ಚಿದ್ ಬಾಕ್ಲ ಮುಂದೆ ಬೆಳಗಿಂದ ಬೈಗಿನ್ ತಂಕ ಕುಂತಿರ್ತದೆ, ಯಾರಾರ ತೆಗೀಲಿ ಅಂತ. ಈ ಕೊತ್ತಿ ಯಾರ್ನೂ ಕಾಯಾಕಿಲ್ಲ" ಎಂದು ಗಂಡನಿಗೆ ಹೇಳುತ್ತಿದ್ದಳು.

"ಕಾಯೋದೇ ಕಣಮ್ಮಿ ಬುದ್ಧಿ" ಎಂದು ಕೆಂಪಣ್ಣ ಕಾಳನ ತಲೆ ಸವರುತ್ತಿದ್ದ. ಕಾಳ ಅವನ ನಾಯಿ. ಅವನು ಗದ್ದೆಗೆ ಹೋದರೆ ಗದ್ದೆಗೆ, ಕಾಲುವೆಗೆ ಇಳಿದರೆ ಕಾಲುವೆಗೆ ಹಿಂದೆಯೇ ಹೋಗುತ್ತಿತ್ತು.

ಇದೆಲ್ಲ ನಗುವುದಕ್ಕೆ ಬಿಡುವಿದ್ದ ದಿನಗಳ ಮಾತು. ಸಾವಿರದ ಏಳುನೂರ ತೊಂಬತ್ತೊಂದನೆಯ ಇಸವಿಯ ಬೇಸಿಗೆಯ ಕೊನೆಗೆ ಕಿರಂಗೂರಿನಲ್ಲಿ ಯಾರೂ ನಗುತ್ತಿರಲಿಲ್ಲ. ಇಂಗ್ಲಿಷರ ದಂಡು ಮೂಡಲಿಂದ ಶ್ರೀರಂಗಪಟ್ಟಣಕ್ಕೆ ಬರುತ್ತಿದೆ ಎಂಬ ಸುದ್ದಿ ದಿನದಿಂದ ದಿನಕ್ಕೆ ಹತ್ತಿರವಾಗುತ್ತಿತ್ತು. ಬರುವವರಿಗೆ ಒಂದು ಹಿಡಿ ಹುಲ್ಲೂ ಸಿಗಬಾರದೆಂದು ಸುತ್ತಲಿನ ಬಣವೆಗಳಿಗೆಲ್ಲ ಪಟ್ಟಣದ ದಂಡಿನವರೇ ಬೆಂಕಿ ಇಟ್ಟಿದ್ದರು. ಹಾಗೆ ಇಟ್ಟ ಬೆಂಕಿ ಗಾಳಿಗೆ ಹಾರಿ ಎದುರು ಸಾಲಿನ ಕೊನೆಯ ನರಸಯ್ಯನ ಮನೆಯೂ ಸುಟ್ಟುಹೋಗಿ, ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎತ್ತಲೋ ನಡೆದಿದ್ದ. ಉಳಿದವರೂ ಗಂಟುಮೂಟೆ ಹೊತ್ತು ಹಿರೋಡೆ ಕಡೆಗೆ, ನಾಗಮಂಗಲದ ಕಡೆಗೆ ಹೊರಟುಹೋದರು. ನಾಲ್ಕಾರು ಮನೆಗಳಲ್ಲಷ್ಟೇ ಜನ ಉಳಿದಿದ್ದರು.

ಕೆಂಪಣ್ಣ ಉಳಿದದ್ದು ಬೇರೆ ದಾರಿ ಇಲ್ಲದೆ. ಚಿಕ್ಕಬೋರಮ್ಮನ ಮಂಡಿ ಊದಿಕೊಂಡು ನಾಲ್ಕು ಹೆಜ್ಜೆ ಇಡಲಾಗುತ್ತಿರಲಿಲ್ಲ. ಕುಳ್ಳಮ್ಮ ಹೆತ್ತು ಇನ್ನೂ ತಿಂಗಳು ತುಂಬಿರಲಿಲ್ಲ. ತಮ್ಮ ಚಿಕ್ಕಸ್ವಾಮಿ ಮನೆಯ ರಾಗಿಯನ್ನು ಗಾಡಿಗೆ ಹೇರಿಕೊಂಡು ಸಿಂಧಘಟ್ಟದ ಸೋದರತ್ತೆಯ ಮನೆಗೆ ಹೋಗಿದ್ದ. ಅಲ್ಲಿ ಇಳಿಸಿ ಗಾಡಿ ವಾಪಸು ತಂದು ಇವರನ್ನು ಕರೆದೊಯ್ಯುವುದೆಂದು ಮಾತಾಗಿತ್ತು. ಬರಬೇಕಾದ ದಿನ ಕಳೆಯಿತು, ಅದರ ಮಾರನೆಯ ದಿನವೂ ಕಳೆಯಿತು. ಗಾಡಿ ಬರಲಿಲ್ಲ. ಕುಳ್ಳಮ್ಮ ಮಗುವಿಗೆ ಹಾಲೂಡಿಸುವಾಗಲೂ ಕಿವಿಯನ್ನು ದಾರಿಯ ಕಡೆಗೇ ಇಟ್ಟಿರುತ್ತಿದ್ದಳು. ಗಾಡಿ ಬಂದರೆ ಗೊರಸಿನ ಸದ್ದು. ದಂಡು ಬಂದರೂ ಗೊರಸಿನ ಸದ್ದು. ಯಾವುದು ಮೊದಲು ಕೇಳುವುದೋ ಎಂಬ ಯೋಚನೆಯಲ್ಲಿ ಅವಳ ಎದೆಹಾಲೇ ಕಡಿಮೆಯಾಗಿತ್ತು.

ಕೆಂಪಣ್ಣನಿಗೆ ಒಂದು ಧೈರ್ಯವಿತ್ತು. ಹಿತ್ತಿಲಿನ ಹಗೇವು. ನೆಲದೊಳಗೆ ಗುಡಾಣದ ಹಾಗೆ ತೋಡಿದ ಆ ರಾಗಿಯ ಕಣಜಕ್ಕೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಐದಾರು ಜನ ಕೂರುವಷ್ಟು ಹೊಟ್ಟೆ. ತಳದಲ್ಲಿ ಒಂದಿಷ್ಟು ಉಳಿಸಿ ರಾಗಿ ತೆಗೆದ ದಿನವೇ ದೀಪ ಇಳಿಬಿಟ್ಟು ನೋಡಿದ್ದ. ದೀಪ ಆರಲಿಲ್ಲ, ಒಳಗಿನ ಗಾಳಿ ಚೆನ್ನಾಗಿಯೇ ಇತ್ತು. ಬೆಕ್ಕೂ ಅವತ್ತು ಏಣಿ ಹಿಡಿದು ಇಳಿದು ಇಲಿಗಳನ್ನು ಹಿಡಿದು ತಂದಿತ್ತು. ಆ ರಾತ್ರಿ ಕೃತ್ತಿಕೆ ಮಳೆ ಜೋರಾಗಿ ಸುರಿಯಿತು. ಬೆಳಿಗ್ಗೆ ಕೆಂಪಣ್ಣ ಹಗೇವಿನ ಬಾಯಿಗೆ ಚಪ್ಪಡಿ ಎಳೆದು, ಸಂದಿಗೆ ಮಣ್ಣು ಮೆತ್ತಿ, ಯಾರಿಗೂ ಗುರುತು ಸಿಗದಂತೆ ಮೇಲೆ ತಿಪ್ಪೆಯ ಗೊಬ್ಬರ ಎಳೆದಿದ್ದ. ದಂಡು ಬಂದರೆ ಎಲ್ಲರೂ ಅದರೊಳಗೆ ಇಳಿದು ಚಪ್ಪಡಿ ಎಳೆದುಕೊಂಡರಾಯಿತು ಎಂಬುದು ಅವನ ಲೆಕ್ಕಾಚಾರ.

ಆ ದಿನ ಬೆಳಿಗ್ಗೆ ಕುಳ್ಳಮ್ಮ ಎದ್ದಾಗ ಬೆಕ್ಕು ಅಟ್ಟದಿಂದ ಮರಿಗಳನ್ನು ಸಾಗಿಸುತ್ತಿತ್ತು. ಅವಳು ಹೆತ್ತ ಕೆಲವು ದಿನಗಳಿಗೇ ಅದೂ ಮರಿ ಹಾಕಿತ್ತು. ಒಂದೊಂದನ್ನೇ ಕತ್ತು ಕಚ್ಚಿಕೊಂಡು ಗೋಡೆಯ ಮೇಲೆ ನಡೆದು, ಬೀದಿ ದಾಟಿ, ಸುಟ್ಟುಹೋದ ನರಸಯ್ಯನ ಮನೆಯೊಳಗೆ ಹೋಗಿ ಬರಿಬಾಯಲ್ಲಿ ತಿರುಗಿ ಬರುತ್ತಿತ್ತು. ಕುಳ್ಳಮ್ಮ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ನೋಡಿದಳು. ಸುಟ್ಟ ಮನೆಗೆ ಯಾಕೆ ಹೋಗುತ್ತದೆ ಇದು? ಸೂರಿಲ್ಲ, ಬಾಗಿಲಿಲ್ಲ, ಮೋಟುಗೋಡೆ ಬಿಟ್ಟರೆ ಏನೂ ಇಲ್ಲ.

"ಅತ್ತೆ, ಕೊತ್ತಿ ಮನೆ ಬುಟ್ಟು ಓಯ್ತಾ ಅದೆ" ಎಂದಳು.

"ಓಗ್ಲಿ ಬುಡು. ನಿಂಗೆ ನಿನ್ ಕೂಸು ಸಾಲ್ದಾ?" ಎಂದಳು ಚಿಕ್ಕಬೋರಮ್ಮ. ಆದರೆ ಆಕೆಯ ಮುಖವೂ ಬಾಡಿತು. ಮನೆಯ ಬೆಕ್ಕು ಮರಿ ಕಟ್ಟಿಕೊಂಡು ಹೊರಡುವುದನ್ನು ಯಾವ ಮನೆಯವರೂ ಸುಮ್ಮನೆ ನೋಡಲಾರರು.

ಬಿಸಿಲೇರುವ ಹೊತ್ತಿಗೆ ಊರ ತಳವಾರ ದ್ಯಾವಯ್ಯ ಬೀದಿಯುದ್ದಕ್ಕೂ ಕೂಗುತ್ತಾ ಓಡಿಬಂದ. "ಕುದುರೆ! ಅರಕೆರೆ ಕಡಿಂದ ಕುದುರೆ ಬತ್ತಾ ಅವೆ! ಲೂಟಿಯೋರು ಕಣ್ರಪ್ಪಾ, ಓಡಿ!" ಅವನು ನಿಲ್ಲಲಿಲ್ಲ, ಯಾವ ಮನೆಯ ಕಡೆಗೂ ತಿರುಗಲಿಲ್ಲ. ಕೆಂಪಣ್ಣ ಗೋಡೆ ಹತ್ತಿ ನೋಡಿದ. ಮೂಡಲಲ್ಲಿ ಧೂಳು ಎದ್ದಿತ್ತು. ಯಾವ ಕಡೆಯ ಸವಾರರೋ ತಿಳಿಯುವಂತಿರಲಿಲ್ಲ, ತಿಳಿದು ಆಗಬೇಕಾದ್ದೂ ಏನಿರಲಿಲ್ಲ.

ಅವನು ಹಿತ್ತಿಲಿಗೆ ಓಡಿ ಗೊಬ್ಬರ ಸರಿಸಿದ. ಹಾರೆ ಹಾಕಿ ಚಪ್ಪಡಿ ಎಬ್ಬಿಸಿ, ಬಿದಿರಿನ ಏಣಿ ಇಳಿಬಿಟ್ಟ. ಕುಳ್ಳಮ್ಮ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಅತ್ತೆಯ ತೋಳು ಹಿಡಿದುಕೊಂಡು ಬಂದಳು. ಕಾಳ ಯಜಮಾನನ ಕಾಲ ಸುತ್ತ ಸುತ್ತುತ್ತಿತ್ತು.

ಆಗ ಬೆಕ್ಕು ಬಂತು. ಕೊನೆಯ ಮರಿಯನ್ನು ಬಿಟ್ಟು ತಿರುಗಿ ಬರುತ್ತಿತ್ತೋ ಏನೋ. ಹಗೇವು ತೆರೆದಾಗಲೆಲ್ಲ ಇಲಿಯ ಆಸೆಗೆ ಬರುವುದು ಅದರ ರೂಢಿ. ಬಾಯಿಯ ಅಂಚಿಗೆ ಬಂದು, ಮುಂಗಾಲು ಊರಿ, ಕತ್ತನ್ನು ಒಳಗೆ ಚಾಚಿತು. ತಟ್ಟನೆ ತಲೆ ಒದರಿ ಸೀನಿತು. ಇನ್ನೊಮ್ಮೆ ಚಾಚಿತು. ಬೆನ್ನ ಮೇಲಿನ ಕೂದಲು ನಿಮಿರಿತು. ಹಿಂದಕ್ಕೆ ಸರಿದು, ಆ ಕಪ್ಪು ಬಾಯಿಯ ಮೇಲಿಟ್ಟ ಕಣ್ಣನ್ನು ಕೀಳದೆ, ಸುತ್ತು ಹಾಕಿಕೊಂಡು ದೂರದಿಂದ ದಾಟಿ ಬೀದಿಯ ಕಡೆಗೆ ಹೋಯಿತು.

"ಇಳಿ ಅವ್ವಾ, ಮೊದ್ಲು ನೀನು. ನಾ ಇಡ್ಕತೀನಿ" ಎಂದ ಕೆಂಪಣ್ಣ.

"ಬ್ಯಾಡಿ" ಎಂದಳು ಕುಳ್ಳಮ್ಮ.

"ಏನ್ ಬ್ಯಾಡಿ?"

"ಕೊತ್ತಿ ಇಳೀನಿಲ್ಲ. ಮೊನ್ನೆ ಬ್ಯಾಡ ಅಂದ್ರೂ ಇಳುದಿತ್ತು. ಇವತ್ತು ಮೂಸ್ ನೋಡಿ ಓಯ್ತು. ಒಳಗೇನೋ ಅದೆ."

"ತಲೆ ಕೆಟ್ಟದಾ ನಿಂಗೆ? ನಾನೇ ದೀಪ ಬುಟ್ಟು ನೋಡಿವ್ನಿ!"

"ಅದು ಮಳೆಗೆ ಮುಂಚೆ. ಇನ್ನೊಂದ್ ಸತಿ ಬುಟ್ಟು ನೋಡಿ."

ದೀಪ ಹಚ್ಚಲು ಬೆಂಕಿಯಿರಲಿಲ್ಲ. ಹೊಗೆ ಕಂಡರೆ ಜನರಿದ್ದಾರೆಂದು ತಿಳಿಯುತ್ತದೆಂಬ ಭಯಕ್ಕೆ ಕೆಂಪಣ್ಣನೇ ಬೆಳಿಗ್ಗೆ ಒಲೆಗೆ ನೀರು ಸುರಿಸಿದ್ದ. ಚಕಮಕಿ ಕಲ್ಲಿತ್ತು, ಆದರೆ ಅರಳೆ ಮಳೆಗೆ ತೇವವಾಗಿತ್ತು. ಎರಡು ಸಲ ಗೀರಿದ, ಕಿಡಿ ಹಾರಿ ಸತ್ತಿತು. ಮೂಡಲ ಕಡೆಯಿಂದ ಈಗ ಸದ್ದೂ ಕೇಳುತ್ತಿತ್ತು, ದೂರದಲ್ಲಿ ಯಾರೋ ಒನಕೆಯಲ್ಲಿ ನೆಲ ಕುಟ್ಟಿದಂತೆ.

"ಕೊತ್ತಿ ಮಾತ್ ಕೇಳ್ಕಂಡು ಸಾಯ್ಬೇಕೇನೇ ನಾವು?" ಚಿಕ್ಕಬೋರಮ್ಮ ಸೊಸೆಯ ಕೈಯಿಂದ ತೋಳು ಬಿಡಿಸಿಕೊಂಡಳು. "ನನ್ ಮೊಮ್ಮಗಳ ಕೊಡಿಲ್ಲಿ, ನಾನು ಇಳೀತೀನಿ."

ಕುಳ್ಳಮ್ಮ ಮಗುವನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು. "ನನ್ ಕೊಂದಾಕಿ. ಕೂಸ್ನ ಮಾತ್ರ ಇಳ್ಸಕ್ಕಿಲ್ಲ."

ಮದುವೆಯಾಗಿ ಬಂದಾಗಿನಿಂದ ಅವಳು ಆ ಮನೆಯಲ್ಲಿ ಇಷ್ಟು ಗಟ್ಟಿಯಾಗಿ ಮಾತಾಡಿದ್ದಿಲ್ಲ. ಕೆಂಪಣ್ಣನಿಗೆ ಕೋಪವೂ ಭಯವೂ ಒಟ್ಟಿಗೆ ಏರಿದವು. "ನೋಡು ಅಂಗಾರೆ" ಎಂದವನು ಹಗೇವಿನ ಬಾಯಿಗೆ ಕೈ ತೋರಿಸಿ, "ಕಾಳಾ, ಇಳಿಲಾ!" ಎಂದ.

ಕಾಳ ಅಂಚಿಗೆ ಬಂತು. ಮೂಗು ಇಳಿಸಿ ಮೂಸಿತು. ಕುಂಯ್‌ಗುಟ್ಟಿ ಯಜಮಾನನ ಮುಖ ನೋಡಿತು.

"ಇಳೀ ಅಂದೆ ಕಣ್ಲಾ!"

ಕಾಳ ಹಾರಿತು. ಕೆಳಗೆ ಉಳಿದ ರಾಗಿಯ ಮೇಲೆ ಧಪ್ಪನೆ ಬಿದ್ದು, ಎದ್ದು, ಕತ್ತೆತ್ತಿ ಬಾಲ ಆಡಿಸಿತು.

"ಕಂಡೇನಮ್ಮಿ?" ಎಂದು ಕೆಂಪಣ್ಣ ಹೆಂಡತಿಯ ಕಡೆ ತಿರುಗಿದ. ಅವಳು ಅವನನ್ನು ನೋಡುತ್ತಿರಲಿಲ್ಲ, ಕೆಳಗೆ ನೋಡುತ್ತಿದ್ದಳು. ಅವನೂ ನೋಡಿದ. ಕಾಳ ಗೋಡೆಗೆ ಮುಂಗಾಲು ಹಚ್ಚಿ ಮೇಲೇರಲು ನೋಡುತ್ತಿತ್ತು. ಕಾಲು ಜಾರಿತು. ಮತ್ತೆ ಹಚ್ಚಿತು, ಕುಡಿದವರ ಹಾಗೆ ಒಂದು ಪಕ್ಕಕ್ಕೆ ವಾಲಿತು. ಕೂತಿತು. ತಲೆಯನ್ನು ಮುಂಗಾಲಿನ ಮೇಲೆ ಇಟ್ಟುಕೊಂಡಿತು, ಬಾಗಿಲ ಮುಂದೆ ಕಾಯುವಾಗ ಇಟ್ಟುಕೊಳ್ಳುವ ಹಾಗೆಯೇ.

"ಕಾಳಾ! ಏ ಕಾಳಾ!"

ಬಾಲದ ತುದಿ ಒಮ್ಮೆ ಅಲುಗಿತು. ಆಮೇಲೆ ಅದೂ ಇಲ್ಲ.

ಕೆಂಪಣ್ಣ ಏಣಿಯ ಮೇಲೆ ಕಾಲಿಟ್ಟಿದ್ದ. ಅವನ ತಾಯಿ ನೆಲಕ್ಕೆ ಬಿದ್ದು ಎರಡು ಕೈಯಲ್ಲೂ ಅವನ ಕಾಲು ತಬ್ಬಿಕೊಂಡಳು. "ಬ್ಯಾಡ ಕಣೋ ಮಗಾ! ನೀನೂ ಓದ್ರೆ ಎಲ್ರೂ ಓದ್ವಿ ಕಣೋ!" ಕುಳ್ಳಮ್ಮ ಅವನ ಜುಟ್ಟನ್ನೇ ಹಿಡಿದು ಎಳೆದಳು. ಹಗೇವು ತೆರೆದಿದ್ದ ರಾತ್ರಿಯ ಮಳೆಯ ನೀರು ಇಳಿದು, ತಳದಲ್ಲುಳಿದ ರಾಗಿ ನೆನೆದು ಹುಳಿತು, ಮುಚ್ಚಿದ ಬಾಯೊಳಗೆ ಕೆಟ್ಟ ಗಾಳಿ ತುಂಬಿತ್ತೆಂಬುದು ಆಗ ಮೂವರಿಗೂ ಯಾರೂ ಹೇಳದೆಯೇ ತಿಳಿಯಿತು. ಹಗೇವಿನ ಗಾಳಿಗೆ ಸತ್ತವರ ಹೆಸರುಗಳು ಪ್ರತಿ ಊರಿನಲ್ಲೂ ಇದ್ದವು.

"ಈಗೆಲ್ಲಿಗೆ?" ಎಂದ ಕೆಂಪಣ್ಣ. ಅವನ ದನಿ ಮಗುವಿನ ದನಿಯಾಗಿತ್ತು.

ಕುಳ್ಳಮ್ಮ ಬೀದಿಯ ಆಚೆ ನೋಡಿದಳು. ಯಾರೂ ಹೊತ್ತೊಯ್ಯಲು ಏನೂ ಉಳಿಯದ ಮನೆ. ಲೂಟಿಗೆ ಬಂದವನು ಅದನ್ನು ಯಾಕೆ ಹೊಕ್ಕಾನು? "ನರಸಯ್ಯಣ್ಣನ ಮನಿಗೆ" ಎಂದಳು. "ಏಳಿ, ಅತ್ತೆನ ಎತ್ಕಳಿ."

ಕೆಂಪಣ್ಣ ತಾಯಿಯನ್ನು ಬೆನ್ನ ಮೇಲೆ ಹಾಕಿಕೊಂಡ. ಹಗೇವಿನ ಬಾಯಿ ತೆರೆದೇ ಉಳಿಯಿತು.

ನರಸಯ್ಯನ ಮನೆಯ ಹಿಂಕೋಣೆಯಲ್ಲಿ ಅರೆಸುಟ್ಟ ತೊಲೆಯೊಂದು ಗೋಡೆಗೆ ಒರಗಿ ಬಿದ್ದು, ಅದರ ಮೇಲೆ ಹಂಚಿನ ರಾಶಿ ಕುಸಿದು, ಕೆಳಗೆ ಒಂದು ಗೂಡು ಉಳಿದಿತ್ತು. ಮಸಿಯ ವಾಸನೆ ಗಂಟಲು ಹಿಡಿಯುತ್ತಿತ್ತು. ಮೂಲೆಯಲ್ಲಿ ಬೆಕ್ಕು ಮರಿಗಳ ಮೇಲೆ ಮಲಗಿತ್ತು. ಇವರು ತೆವಳಿ ಬರುತ್ತಿದ್ದಂತೆ ಬುಸುಗುಟ್ಟಿತು. ಕುಳ್ಳಮ್ಮ ಅದರ ಪಕ್ಕದಲ್ಲೇ ಮೈ ಮುದುಡಿ ಕೂತು ಮಗುವಿನ ಬಾಯಿಗೆ ಮೊಲೆ ಇಟ್ಟಳು. ಹಾಲಿರಲಿಲ್ಲ. ಮಗು ಬರಿದೇ ಚೀಪುತ್ತಿತ್ತು. ಎಷ್ಟು ಹೊತ್ತು ಮೋಸ ಹೋಗುತ್ತದೋ ಎಂದು ಅವಳು ಅದರ ಹುಬ್ಬನ್ನೇ ನೋಡುತ್ತಾ ಕೂತಳು. ಹುಬ್ಬು ಗಂಟಾದರೆ ಅಳು ಬಂತೆಂದೇ ಅರ್ಥ.

ಕುದುರೆಗಳು ಊರೊಳಗೆ ಬಂದವು. ಬಾಗಿಲು ಒದೆಯುವ ಸದ್ದು, ಮಡಕೆ ಒಡೆಯುವ ಸದ್ದು, ಅರ್ಥವಾಗದ ಭಾಷೆಯಲ್ಲಿ ಕೂಗು, ನಗು. ಒಂದು ಸಲ ಸದ್ದು ತಮ್ಮ ಮನೆಯಿಂದಲೇ ಬಂತೆಂದು ಕುಳ್ಳಮ್ಮನಿಗೆ ಗೊತ್ತಾಯಿತು, ಆ ಬಾಗಿಲ ಕಿರುಗುಟ್ಟುವಿಕೆ ಅವಳಿಗೆ ಗೊತ್ತು. ಚಿಕ್ಕಬೋರಮ್ಮನಿಗೆ ಕೆಮ್ಮು ಒತ್ತಿ ಬರುತ್ತಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡಳು, ಕಣ್ಣುಗಳಿಂದ ನೀರು ಇಳಿಯಿತು.

ಕಾಳ ಈಗ ಇದ್ದಿದ್ದರೆ ಬೊಗಳುತ್ತಿತ್ತು. ಆ ಯೋಚನೆ ಬಂದದ್ದಕ್ಕೆ ಕುಳ್ಳಮ್ಮನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಗಂಡನ ಕಡೆ ನೋಡಲಾರದೆ ಹೋದಳು.

ಹೊಸಿಲಿನ ಹತ್ತಿರ ಕುದುರೆಯೊಂದು ನಿಂತಿತು. ಯಾರೋ ಇಳಿದರು. ಸುಟ್ಟ ಹಂಚು ಕಾಲಡಿ ಮುರಿಯಿತು. ಒಂದು ಹೆಜ್ಜೆ, ಮತ್ತೊಂದು. ಆಗ ಬೆಕ್ಕು ಎದ್ದು, ಕಿವಿ ಹಿಂದಕ್ಕೊತ್ತಿ, ಮರಿಗಳನ್ನು ಅಲ್ಲೇ ಬಿಟ್ಟು ಬಾಣದ ಹಾಗೆ ಹಾರಿತು. ಮೋಟುಗೋಡೆ ಹತ್ತಿ ಆಚೆ ಧುಮುಕಿತು. ತಾಯಿಯ ಬಿಸುಪು ತಪ್ಪಿದ ಮರಿಗಳು ಕಣ್ಣು ಕಾಣದವರ ಹಾಗೆ ಕುಳ್ಳಮ್ಮನ ಕಾಲಿನ ಮೇಲೆ ತೆವಳತೊಡಗಿದವು. ಓಡಿಹೋಯಿತು, ಇಷ್ಟೆಲ್ಲ ಹೊತ್ತು ತಂದದ್ದನ್ನು ಬಿಟ್ಟು ಓಡಿಹೋಯಿತು ಎಂದು ಅವಳಿಗೆ ಎದೆ ಒಡೆದಂತಾಯಿತು. ಇನ್ನು ಅವಳ ಮುಂದೆ ದಾರಿ ತೋರಿಸಲು ಯಾರೂ ಇರಲಿಲ್ಲ. ಮಗುವಿನ ಹುಬ್ಬು ಗಂಟಾಗುತ್ತಿತ್ತು. ಅವಳು ತನ್ನ ಕಿರುಬೆರಳನ್ನು ಅದರ ಬಾಯಿಗಿಟ್ಟಳು.

ಹೊರಗಿನವನು, ಬರೀ ಬೆಕ್ಕೆಂದೋ ಏನೋ, ಉಗಿದ. ಏನೋ ಗೊಣಗಿದ. ಕುದುರೆ ಹತ್ತಿದ ಸದ್ದಾಯಿತು. ಗೊರಸುಗಳು ಬೀದಿಯುದ್ದಕ್ಕೂ ದೂರ ಸರಿದವು.

ಆದರೂ ಅವರು ಅಲುಗಲಿಲ್ಲ. ಹೊತ್ತು ಪಡುವಲಕ್ಕೆ ವಾಲಿ, ಊರಲ್ಲಿ ಕಾಗೆಗಳು ಇಳಿದು ಕೂಗತೊಡಗಿದ ಮೇಲೆಯೇ ಕೆಂಪಣ್ಣ ತೆವಳಿ ಹೊರಬಂದ. ಮನೆಯಲ್ಲಿ ಪಾತ್ರೆಗಳಿರಲಿಲ್ಲ, ಕಂಬಳಿಗಳಿರಲಿಲ್ಲ, ಒಲೆಯ ಕಲ್ಲುಗಳನ್ನೂ ಕಿತ್ತು ಕೆಳಗೆ ಏನಾದರೂ ಹೂತಿದೆಯೇ ಎಂದು ನೋಡಿದ್ದರು. ಅವನು ಅದಾವುದನ್ನೂ ನೋಡದೆ ಬಾವಿಯ ಹಗ್ಗಕ್ಕೆ ಕೊಕ್ಕೆ ಕಟ್ಟಿ ಹಗೇವಿನ ಬಾಯಲ್ಲಿ ಬಗ್ಗಿದ. ಬಹಳ ಹೊತ್ತು ಹಿಡಿಯಿತು. ಕಾಳನನ್ನು ಮೇಲೆಳೆದು, ಬೇವಿನ ಮರದ ಬುಡದಲ್ಲಿ ಹಾರೆಯಿಂದ ಆದಷ್ಟು ತೋಡಿ ಮಣ್ಣು ಮಾಡಿದ. ಕುಳ್ಳಮ್ಮ ಸಹಾಯಕ್ಕೆ ಬಂದಾಗ ಬೇಡವೆಂದು ಕೈ ಆಡಿಸಿದ.

ಅವಳು ತಿರುಗಿ ನರಸಯ್ಯನ ಮನೆಗೆ ಹೋದಾಗ ಬೆಕ್ಕು ಬಂದಿತ್ತು. ಮರಿಗಳನ್ನು ನೆಕ್ಕುತ್ತಿತ್ತು. ಅವಳು ಕುಕ್ಕೆ ಹಿಡಿದು ಹತ್ತಿರ ಬಂದಳು, ಎಲ್ಲವನ್ನೂ ಹಾಕಿಕೊಂಡು ಹೋಗೋಣವೆಂದು. ಕೈ ಚಾಚಿದ್ದೇ ತಡ, ಮುಂಗೈ ಉದ್ದಕ್ಕೂ ಪರಚಿ ರಕ್ತ ಬರಿಸಿತು. ಅವಳು ಕೂತು ಒಂದಿಷ್ಟು ಹೊತ್ತು ಅತ್ತಳು. ಆಮೇಲೆ ಎದ್ದು ಬಂದಳು.

ಅವರು ಬೈಗಿನ ಬೆಳಕಲ್ಲಿ ಹಿರೋಡೆಯ ದಾರಿ ಹಿಡಿದರು. ಚಿಕ್ಕಬೋರಮ್ಮ ಮಗನ ಬೆನ್ನ ಮೇಲಿದ್ದಳು, ಮಗು ಕುಳ್ಳಮ್ಮನ ಮಡಿಲಲ್ಲಿತ್ತು. ಎಲ್ಲಿಯಾದರೂ ಧೂಳು ಕಂಡರೆ ಹಳ್ಳಕ್ಕೆ ಇಳಿದು ಕೂರುತ್ತಿದ್ದರು. ನಡೆಯುತ್ತಾ ಕುಂತಿಬೆಟ್ಟದ ಬಂಡೆಗಳು ಕಂಡವು.

"ಅಮ್ಮಿ" ಎಂದಳು ಚಿಕ್ಕಬೋರಮ್ಮ ಮೆಲ್ಲಗೆ. "ಆ ಕೊತ್ತಿ ಇಳುದ್ಬುಟ್ಟಿದ್ರೆ, ನೀನೂ ಇಳೀತಿದ್ದಾ?"

ಕುಳ್ಳಮ್ಮ ಸುಳ್ಳು ಹೇಳಲಿಲ್ಲ. "ಇಳೀತಿದ್ದೆ ಕಣತ್ತೆ."

"ಕೂಸ್ನೂ ಎತ್ಕಂಡು?"

"ಎತ್ಕಂಡೇ."

ಮುದುಕಿ ಮಗನ ಕತ್ತಿನ ಸುತ್ತ ಕೈ ಬಿಗಿದಳು. ಕುಳ್ಳಮ್ಮ ದಾರಿಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟಳು. ಕೆಂಪಣ್ಣ ತಾಯಿಯನ್ನು ಇಳಿಸಿ ಹೆಂಡತಿಯ ಎದುರು ಕುಕ್ಕರಗಾಲಲ್ಲಿ ಕೂತ.

"ಕಾಳನ್ಗೂ ಮೂಗಿತ್ತು ಕಣಮ್ಮಿ" ಎಂದ. "ಕೊತ್ತಿಗಿಂತ ದೊಡ್ ಮೂಗು. ಅದುಕ್ಕೂ ಗೊತ್ತಾಗಿತ್ತು. ನನ್ ಮಖ ನೋಡ್ತು, ನೀನೂ ನೋಡ್ದಲ್ಲ. ನಾನು ಇಳಿ ಅಂದೆ."

ಅವಳು ಅವನ ಮಸಿ ಹತ್ತಿದ ಕೈ ಹಿಡಿದುಕೊಂಡಳು.

ಮಾರನೆಯ ದಿನ ಸಂಜೆಗೆ ಸಿಂಧಘಟ್ಟ ಮುಟ್ಟಿದರು. ಸೋದರತ್ತೆ ಬಾಗಿಲಲ್ಲೇ ಕೂಗಿ ಅತ್ತು ಒಳಗೆ ಕರೆದುಕೊಂಡಳು. ರಾಗಿ ಇಳಿಸಿ ಹೊರಟ ಚಿಕ್ಕಸ್ವಾಮಿಯನ್ನು ದಾರಿಯಲ್ಲಿ ಯಾರೋ ಗಾಡಿ ಸಮೇತ ದಂಡಿನ ಸಾಮಾನು ಹೊರಲು ಹಿಡಿದಿದ್ದರಂತೆ. ಕೆಲವು ವಾರಗಳ ಮೇಲೆ, ಮಳೆ ಹಿಡಿದು ಇಂಗ್ಲಿಷರ ದಂಡು ಹಿಂದಿರುಗಿತೆಂಬ ಸುದ್ದಿಯ ಜೊತೆಯಲ್ಲೇ, ಅವನು ಒಂದು ಎತ್ತು ಹಿಡಿದುಕೊಂಡು ನಡೆದು ಬಂದ. ಮಗು ಉಳಿಯಿತು. ಕುಳ್ಳಮ್ಮನಿಗೆ ಹಾಲು ಮರಳಿತು.

ಸಿಂಧಘಟ್ಟದ ಜಗಲಿಯ ಮೇಲೆ ಈ ಕತೆ ಬೇಗ ಹರಡಿತು. ಕೊತ್ತಿಯ ಬುದ್ಧಿಯೇ ಬುದ್ಧಿ ಎಂದು ಕೆಲವರು, ಅದು ತನ್ನ ಜೀವ ನೋಡಿಕೊಂಡಿತು ಅಷ್ಟೆ ಎಂದು ಕೆಲವರು, ದಿನವೂ ಸಂಜೆ ವಾದಕ್ಕೆ ಕೂರುತ್ತಿದ್ದರು. "ನೀನೇ ಹೇಳ್ಲಾ ಕೆಂಪಣ್ಣ, ಯಾವ್ದು ಮೇಲು?" ಎಂದು ಒಬ್ಬ ಕೇಳಿದ. ಕೆಂಪಣ್ಣ ಎದ್ದು, ಎತ್ತಿಗೆ ನೀರು ಕುಡಿಸಬೇಕೆಂದು ಹೇಳಿ, ಕೊಟ್ಟಿಗೆಯ ಕಡೆಗೆ ನಡೆದ.